ಕಲ್ಟ್ ಸಿನಿಮಾಕ್ಕೆ ನಮ್ಮಲ್ಲಿ ಪದ ಇದೆಯಾ? 'ಬೆರ್ಚಪ್ಪ' ಆಗಬಹುದಾ?

ಹೆದರಿಸಲೆಂದೇ ಕಡಿಮೆ ದುಡ್ಡಲ್ಲಿ ತೆಗೆದು, ಯಾರನ್ನೂ ಹೆದರಿಸದೆ ಸೋತ ದೆವ್ವದ ಸಿನಿಮಾ. ಆದರೂ ಜನ ಅದನ್ನು ಪ್ರೀತಿಯಿಂದ ಮತ್ತೆ ಮತ್ತೆ ನೋಡ್ತಾರೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? 'ಕಲ್ಟ್' ಈಗ ಚೆನ್ನಾಗಿ ಓಡಿದ ಸಿನಿಮಾಕ್ಕೂ ಅಂಟಿಕೊಂಡಿದೆ. 'ಪಂಥ' ಅಂದರೆ ಗುರು, ದೀಕ್ಷೆ ನೆನಪಾಗುತ್ತದೆ. 'ಡಬ್ಬಾ ಸಿನಿಮಾ' ಬರೀ ಬೈಗುಳ, ಅದರಲ್ಲಿ ಪ್ರೀತಿ ಇಲ್ಲ.

ಹೋದ ವಾರ ಹಾಸನದ ಮನೆಯಲ್ಲಿ ಎಡ್ ವುಡ್ ತೆಗೆದ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಹಾಕಿದ್ದೆ. ಅದರಲ್ಲಿರುವ, ಡ್ರಾಕುಲಾ ಪಾತ್ರಕ್ಕೆ ಹೆಸರಾದ ನಟ ಬೇಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು, ಅವರದು ಇದ್ದದ್ದು ಕೆಲವೇ ತುಣುಕು, ಹಾಗಾಗಿ ಉಳಿದ ಕಡೆಗೆಲ್ಲ ವುಡ್ ಹೆಂಡತಿಯ ಬೆನ್ನುನೋವು ನೋಡುತ್ತಿದ್ದ ವೈದ್ಯರನ್ನೇ ಕರೆತಂದು ನಿಲ್ಲಿಸಿದರು. ಮುಖ ಹೋಲುವುದಿಲ್ಲ. ಅದಕ್ಕೇ ಅವರು ಕರಿ ನಿಲುವಂಗಿಯನ್ನು ಮೂಗಿನ ಮೇಲೆ ಹಿಡಿದುಕೊಂಡೇ ಓಡಾಡ್ತಾರೆ. ಆಲೂರು ಕಡೆಯ ನಮ್ಮತ್ತೆ ನೋಡಿದವರೇ, "ಅಯ್ಯೋ, ಇವ್ನು ಬೆರ್ಚಪ್ಪ ಕಣೋ!" ಅಂದರು.

ಬೆರ್ಚಪ್ಪ ಅಂದರೆ ಹೊಲದ ಬೆದರುಬೊಂಬೆ. ಹಳಗನ್ನಡದ 'ಬೆರ್ಚು' ಅಂದರೆ ಹೆದರು. ಅತ್ತೆಯ ಹೊಲದಲ್ಲಿ ಒಂದಿತ್ತು: ಮಾವನ ಹಳೇ ಅಂಗಿ, ಒಳಗೆ ಹುಲ್ಲು, ತಲೆಗೆ ಮಸಿ ಹಿಡಿದ ಮಡಕೆ, ಅದರ ಮೇಲೆ ಸುಣ್ಣದ ಎರಡು ಕಣ್ಣು, ಒಂದು ದೊಡ್ಡದು ಒಂದು ಚಿಕ್ಕದು. ನಾಲ್ಕು ದಿನಕ್ಕೆ ಕಾಗೆ ಅದರ ತೋಳ ಮೇಲೇ ಬಂದು ಕೂರೋದು. ಆದರೂ ಯಾರೂ ಕೀಳಲಿಲ್ಲ. ಮಳೆಗೆ ಅಂಗಿ ಹರಿದಾಗ ಮಾವನೇ ಇನ್ನೊಂದು ತೊಡಿಸಿದರು.

ನನಗೆ ಈ ಪದ ಹಿಡಿಸಿದ್ದು ಇದಕ್ಕೇ. ಹೆದರಿಸುವ ಆಸೆ ನಿಜ, ಕೈಲಿದ್ದದ್ದು ಕಡಿಮೆ. 1966ರ 'ಮ್ಯಾನೋಸ್' ಅನ್ನೋ ಸಿನಿಮಾ ಕೂಡ ಹಾಗೇ. ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರನ್ ಟೆಕ್ಸಸ್‌ನಲ್ಲಿ ಅದನ್ನು ತೆಗೆದಾಗ ಕ್ಯಾಮೆರಾ ಒಂದು ಸಲಕ್ಕೆ 32 ಸೆಕೆಂಡು ಮಾತ್ರ ಓಡುತ್ತಿತ್ತು, ಮಾತೆಲ್ಲ ಆಮೇಲೆ ಸೇರಿಸಿದ್ದು. ಬೇಕೆಂದೇ ಕೆಟ್ಟದಾಗಿ ತೆಗೆದ ಸಿನಿಮಾಕ್ಕೆ ಈ ಪ್ರೀತಿ ಸಿಗಲ್ಲ, ಅಲ್ವಾ?

'ರಸಾಭಾಸ', ಅಂದರೆ ರಸ ಹದ ತಪ್ಪಿ ಬರೀ ಅದರ ತೋರಿಕೆಯಾಗಿ ಉಳಿಯೋದು, ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು. ಯಾವ ರಸದ ಆಭಾಸವೂ ಹಾಸ್ಯವಾಗುತ್ತದೆ ಅಂತ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಹೇಳಿದ್ದು ಇಲ್ಲಿಗೆ ಸರಿಯಾಗೇ ಹೊಂದುತ್ತದೆ. ಆದರೆ ಇವತ್ತು ರಸಾಭಾಸ ಆಯ್ತು ಅಂದರೆ ಕಾರ್ಯಕ್ರಮ ಕೆಟ್ಟಿತು ಅಂತಲೇ ಅರ್ಥ.

ಮೂಡಿಗೆರೆ, ಕಡೂರು ಕಡೆಯವರು ಬೆದರುಬೊಂಬೆಗೆ ಏನಂತೀರಿ? 'ಬೆರ್ಚಪ್ಪನ ಸಿನಿಮಾ' ಅಂದರೆ ನಾನು ಇಷ್ಟೆಲ್ಲ ವಿವರಿಸದೆ ನಿಮಗೆ ತಿಳಿಯುತ್ತಿತ್ತಾ?