ಎಸ್‌ಎಲ್‌ಕೆ 200 ಕಂಪ್ರೆಸರ್, 2009: ತಗೊಳ್ಳೋ ಮುಂಚೆ ಏನೇನು ನೋಡ್ಬೇಕು?

ತೆರೆದಟಾಪು_ಮೈಸೂರು:

ನಮಸ್ಕಾರ. ಮೈಸೂರಲ್ಲೇ ಒಂದು ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್ (ರೂಫ್ ಮಡಚಿ ಬೂಟೊಳಗೆ ಹೋಗೋ ಎರಡು ಸೀಟಿನ ಕಾರು) ಮಾರಾಟಕ್ಕಿದೆ. ಆರ್171 ಅನ್ನೋ ತಲೆಮಾರಿನದು, ಫೇಸ್‌ಲಿಫ್ಟ್ ಆದಮೇಲಿನ 2009ರ ಗಾಡಿ, ಆಟೊಮ್ಯಾಟಿಕ್. ಮೀಟರಲ್ಲಿ 58,000 ಕಿ.ಮೀ. ಇದೆ. ಬಾಡಿ, ಒಳಗಿನ ಲೆದರ್ ಎಲ್ಲಾ ಚೆನ್ನಾಗಿದೆ.

ಎರಡು ವಿಷಯ ಅನುಮಾನ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಎರಡು-ಮೂರು ಸೆಕೆಂಡ್ ಎಂಜಿನ್ ಮುಂಭಾಗದಿಂದ ಗಲಗಲ ಅನ್ನುತ್ತೆ, ಆಮೇಲೆ ನಿಂತುಹೋಗುತ್ತೆ. ಮಾರೋರು "ಸೂಪರ್‌ಚಾರ್ಜರ್ ಗಾಡಿ ಸಾರ್, ಆ ಸದ್ದು ಮಾಮೂಲು" ಅಂತಾರೆ (ಬೆಲ್ಟಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳೋ ಪಂಪ್ ಅದು). ಇನ್ನೊಂದು, ರೂಫ್ ಒಮ್ಮೊಮ್ಮೆ ಸ್ವಿಚ್ ಎಳೆದ್ರೂ ಅಲ್ಲಾಡಲ್ಲ. ಇಷ್ಟು ವರ್ಷದ ಸೂಪರ್‌ಚಾರ್ಜರ್ ನಂಬಬಹುದಾ? ಏನೇನು ಬಿಚ್ಚಿಸಿ ನೋಡ್ಬೇಕು?

ಮೇಟಗಳ್ಳಿ_ಟಾರ್ಕ್:

ಆ ಸದ್ದು ಸೂಪರ್‌ಚಾರ್ಜರ್‌ದಲ್ಲ ಸಾರ್. ಸೂಪರ್‌ಚಾರ್ಜರ್ ಬೇರಿಂಗ್ ಹೋಗಿದ್ರೆ ಸದ್ದು ಮೂರು ಸೆಕೆಂಡಿಗೆ ನಿಲ್ಲಲ್ಲ, ಆರ್‌ಪಿಎಂ ಏರಿದ ಹಾಗೆ ಅದೂ ಏರುತ್ತೆ. ಸ್ಟಾರ್ಟ್ ಆದ ತಕ್ಷಣ ಗಲಗಲ ಅಂದು ನಿಂತ್ರೆ ಮೊದಲು ಟೈಮಿಂಗ್ ಚೈನ್ ಮೇಲೆ ಅನುಮಾನ ಪಡಬೇಕು. ಪಿಸ್ಟನ್‌ಗಳ ಕ್ರ್ಯಾಂಕ್ ಶಾಫ್ಟಿಗೂ ವಾಲ್ವ್ ತೆರೆಯೋ ಕ್ಯಾಮ್ ಶಾಫ್ಟಿಗೂ ತಾಳ ಹಿಡಿಯೋ ಚೈನ್ ಅದು. ಇದರಲ್ಲಿರೋದು ಎಂ271 ಎಂಜಿನ್, 1796 ಸಿಸಿ, ಫೇಸ್‌ಲಿಫ್ಟಲ್ಲಿ 184 ಪಿಎಸ್, 250 ಎನ್ಎಂ. ಚೈನ್ ಒಂದೇ ಸಾಲಿನದು. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಆಯಿಲ್ ಪ್ರೆಷರ್ ಮೇಲೆ ನಿಲ್ಲುತ್ತೆ. ರಾತ್ರಿ ಆಯಿಲ್ ಕೆಳಗಿಳಿದಿರುತ್ತಲ್ಲ, ಮತ್ತೆ ಪ್ರೆಷರ್ ಏರೋವರೆಗೆ ಉದ್ದವಾದ ಚೈನ್ ಸಡಿಲ ಬಿದ್ದು ಬಡಿಯುತ್ತೆ. ಹಲ್ಲು ಜಾರಿತು ಅಂದ್ರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತೆ, ಹೆಡ್ ಕೆಲಸ ಬರುತ್ತೆ. ಅಲ್ಲಿಗೆ ಮೂಗಿಗಿಂತ ಮೂಗುತಿ ಭಾರ.

ನೋಡೋ ಕ್ರಮ ಹೀಗೆ. ಮೊದಲು ಸ್ಕ್ಯಾನರ್ ಹಾಕಿಸಿ. ಪಿ0016 ಅಥವಾ ಪಿ0017 ಅನ್ನೋ ದೋಷದ ಕೋಡ್ ಇದ್ರೆ ಕ್ರ್ಯಾಂಕಿಗೂ ಕ್ಯಾಮಿಗೂ ಲೆಕ್ಕ ತಾಳೆ ಆಗ್ತಿಲ್ಲ ಅಂತ. ಕೋಡ್ ಇಲ್ಲ ಅಂತ ಸಮಾಧಾನ ಪಡಬೇಡಿ, ಹಿಂದಿನ ದಿನ ಅಳಿಸಿರಬಹುದು. ಆಮೇಲೆ ಮೇಲಿನ ಕವರ್ ತೆಗೆಸಿ. ಕ್ರ್ಯಾಂಕ್ ಪುಲ್ಲಿಯನ್ನ ಸಾಕೆಟ್ ಹಾಕಿ ಕೈಯಲ್ಲೇ, ಎಂಜಿನ್ ತಿರುಗೋ ದಿಕ್ಕಲ್ಲೇ ತಿರುಗಿಸಿ ಒಂದನೇ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರೋ ಜಾಗ) ತಂದು, ಎರಡೂ ಕ್ಯಾಮಿನ ಗುರುತು ಬೇರಿಂಗ್ ಕ್ಯಾಪಿನ ಗುರುತಿಗೆ ಕೂರುತ್ತಾ ನೋಡಿ. ಹಿಂದಕ್ಕೆ ತಿರುಗಿಸಿದ್ರೆ ಚೈನಿನ ಸಡಿಲ ಇನ್ನೊಂದು ಕಡೆಗೆ ಬಂದು ಗುರುತು ಸುಳ್ಳು ಹೇಳುತ್ತೆ.

ಅದೇ ಹೊತ್ತಲ್ಲಿ ಕ್ಯಾಮ್ ಅಡ್ಜಸ್ಟರ್ (ಕ್ಯಾಮಿನ ತುದಿಯಲ್ಲಿ ವಾಲ್ವ್ ಸಮಯ ಹೊಂದಿಸೋ ಭಾಗ) ಗೇರಿನ ಹಲ್ಲು ನೋಡಿ. ಹೊಸ ಹಲ್ಲಿನ ತುದಿ ಎರಡೂ ಪಕ್ಕ ಒಂದೇ ಇಳಿಜಾರಲ್ಲಿರುತ್ತೆ. ಸವೆದದ್ದು ಒಂದು ಪಕ್ಕ ಕೊಕ್ಕೆ ಹಾಗೆ ಬಾಗಿ, ಅಂಚಲ್ಲಿ ಉಗುರಿಗೆ ಸಿಗೋ ಹೊಳಪಿನ ಗೆರೆ ಬಿದ್ದಿರುತ್ತೆ. ಅಂಥ ಗೇರಿನ ಮೇಲೆ ಹೊಸ ಚೈನ್ ಹಾಕಿದ್ರೆ ದುಡ್ಡು ದಂಡ. ಚೈನ್, ಟೆನ್ಷನರ್, ಎರಡೂ ಅಡ್ಜಸ್ಟರ್, ಅವುಗಳ ಹೊಸ ಬೋಲ್ಟ್, ಕವರ್ ಗ್ಯಾಸ್ಕೆಟ್, ಎಲ್ಲಾ ಒಟ್ಟಿಗೇ ಆಗ್ಬೇಕು. ಹಳೆ ಚೈನ್ ಕತ್ತರಿಸಿ, ಅದರ ತುದಿಗೆ ಹೊಸದನ್ನ ಸೇರಿಸಿ ಎಳೆದುಕೊಂಡು, ಕೊನೇ ಕೊಂಡಿ ರಿವೆಟ್ ಮಾಡೋದು ರೂಢಿ. ರಿವೆಟ್ ಮಾಡೋ ಟೂಲ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ, ಸುತ್ತಿಗೆಯಲ್ಲಿ ಮಾಡೋ ಕೆಲಸ ಅಲ್ಲ ಇದು.

ಎಂಜಿನ್ ಮುಂದೆ ಕಾಣೋ, ಆ ಅಡ್ಜಸ್ಟರ್ ನಿಯಂತ್ರಿಸೋ ಎರಡು ಕ್ಯಾಮ್ ಮ್ಯಾಗ್ನೆಟ್‌ಗಳ ಪ್ಲಗ್ ಕಿತ್ತು ನೋಡಿ. ಒಳಗೆ ಆಯಿಲ್ ಇದ್ರೆ ಮ್ಯಾಗ್ನೆಟ್ ಸೋರ್ತಿದೆ. ಆ ಆಯಿಲ್ ಅಲ್ಲೇ ನಿಲ್ಲಲ್ಲ, ವೈರಿನ ಒಳಗಿನಿಂದಲೇ ಹತ್ತಿಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪ್ಲಗ್‌ವರೆಗೂ ಹೋಗುತ್ತೆ. ಆದ್ದರಿಂದ ಇಸಿಯು ಪ್ಲಗ್ಗನ್ನೂ ಬಿಚ್ಚಿಸಿ. ಅದು ಒಣಗಿದ್ರೆ ಮ್ಯಾಗ್ನೆಟ್ ಬದಲಾಯಿಸಿ, ಮಧ್ಯೆ ಒಂದು ಚಿಕ್ಕ ತುಂಡು ವೈರ್ ಹಾಕಿಸಿದ್ರೆ ಸಾಕು. ಒದ್ದೆ ಇದ್ರೆ ಬೆಲೆ ಬೇರೆ ಮಾತಾಡ್ಬೇಕು.

ಇನ್ನು ಸೂಪರ್‌ಚಾರ್ಜರ್. ಜನ ಹೆದರೋದು ಇದಕ್ಕೆ, ಆದ್ರೆ ಇಡೀ ಎಂಜಿನ್ನಲ್ಲಿ ಗಟ್ಟಿ ಭಾಗ ಅಂದ್ರೆ ಇದೇ. ಈಟನ್ ಎಂ45, ರೂಟ್ಸ್ ಮಾದರಿ. ಒಂದು ಸುತ್ತಿಗೆ 45 ಘನ ಇಂಚು, ಅಂದ್ರೆ ಸುಮಾರು 740 ಸಿಸಿ ಗಾಳಿ ತಳ್ಳುತ್ತೆ. ಮೂರು ಎಸಳಿನ ಎರಡು ತಿರುಚಿದ ರೋಟರ್ ಒಂದಕ್ಕೊಂದು ತಾಗದೆ ತಿರುಗುತ್ತವೆ. ತಾಗದ ಹಾಗೆ ಹಿಡಿದಿಡೋ ಗೇರಿಗೆ ಎಂಜಿನ್ ಆಯಿಲ್ ಹೋಗಲ್ಲ, ಅದರದ್ದೇ ಸೀಲ್ ಆದ ಆಯಿಲ್ ಇದೆ. ಹಾಗಾಗಿ ಟರ್ಬೊದಲ್ಲಿ (ಎಂಜಿನ್ ಹೊಗೆಯ ಬಲದಿಂದ ತಿರುಗೋ ಗಾಳಿ ಪಂಪ್) ಆಯಿಲ್ ಸುಟ್ಟು ಬೇರಿಂಗ್ ಹಿಡಿಯೋ ಸಮಸ್ಯೆ ಇಲ್ಲಿಲ್ಲ. ಮುಂದಿನ ಸೀಲಲ್ಲಿ ಆಯಿಲ್ ಜಿನುಗಿದೆಯಾ, ಪುಲ್ಲಿ ಅಲ್ಲಾಡುತ್ತಾ ನೋಡಿ. ಅನುಮಾನ ಇದ್ರೆ ಬೆಲ್ಟ್ ತೆಗೆದು ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿ, ಒರಟು ಇರಬಾರದು. ಬೆಲ್ಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡೋದಾದ್ರೆ ಅರ್ಧ ನಿಮಿಷ ಸಾಕು, ವಾಟರ್ ಪಂಪೂ ಅದೇ ಬೆಲ್ಟಲ್ಲಿ ತಿರುಗೋದು.

ಅದರ ಸುತ್ತಮುತ್ತಲಿನ ರಬ್ಬರ್ ಮಾತ್ರ ಬೇರೆ ಕಥೆ. ಇನ್‌ಟೇಕ್ ಕೆಳಗಿನ ಬ್ರೀದರ್ ಹೋಸ್ (ಎಂಜಿನ್ ಒಳಗಿನ ಆವಿ ಸಾಗಿಸೋ ಕೊಳವೆ) ಬಿಸಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಆಗ ಐಡಲ್ ಏರಿಳಿತ, ಸೀಟಿ ಸದ್ದು, ಪಿ0171 ಕೋಡ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ). ಮೇಲಿಂದ ಕಾಣಲ್ಲ, ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಸೋರಿಕೆ ಹುಡುಕೋದು) ಮಾಡಿಸಿ. ಬೈಪಾಸ್ ಫ್ಲಾಪ್ (ಬೇಡದಾಗ ಬೂಸ್ಟ್ ಗಾಳಿಯನ್ನ ವಾಪಸ್ ತಿರುಗಿಸೋ ಕದ) ಆಯಿಲ್ ಜಿಡ್ಡಿಗೆ ಅಂಟಿಕೊಂಡ್ರೆ ಎಕ್ಸಿಲರೇಟರ್ ಒತ್ತಿದ್ರೂ ಬೂಸ್ಟ್ ಏರಲ್ಲ. ಅದನ್ನ ಶುಚಿ ಮಾಡಿದ್ಮೇಲೆ ಸ್ಕ್ಯಾನರಲ್ಲಿ ಮತ್ತೆ ಕಲಿಸಿ ಕೊಡ್ಬೇಕು.

ಆಯಿಲ್ 5.5 ಲೀಟರ್, ಮರ್ಸಿಡಿಸ್‌ನವರ 229.5 ಮಂಜೂರಾತಿ ಇರೋದು. ಹತ್ತು ಸಾವಿರ ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದು. ಕಡಿಮೆ ಓಡಿದೆ ಅಂತ ಎರಡು ವರ್ಷ ಅದೇ ಆಯಿಲಲ್ಲಿ ಬಿಟ್ಟಿದ್ರೆ ಚೈನಿಗೆ ಅದೇ ಕೇಡು, ಆದ್ದರಿಂದ ಬಿಲ್ಲುಗಳ ತಾರೀಖು ಕೇಳಿ.

ಮಂಡ್ಯ_ಹನ್ನೊಂದು:

ರೂಫ್ ವಿಷಯ ನಾನು ಹೇಳ್ತೀನಿ ಅಣ್ಣ. ಹಿಂದೆ ಬೂಟ್ ಒಳಗೆ ಎಳೆದು ಸಿಕ್ಕಿಸೋ ಪರದೆ ಇದೆಯಲ್ಲ, ಲಗೇಜಿಗೂ ರೂಫಿಗೂ ನಡುವೆ, ಅದು ಎರಡೂ ಕಡೆ ಸರಿಯಾಗಿ ಸಿಕ್ಕಿಕೊಳ್ಳದಿದ್ರೆ ಸಿಸ್ಟಮ್ ರೂಫ್ ತೆಗೆಯೋಕೆ ಬಿಡಲ್ಲ. ಒಮ್ಮೊಮ್ಮೆ ಮಾತ್ರ ಅಲ್ಲಾಡಲ್ಲ ಅಂದ್ರೆ ಆ ಪರದೆಯ ಸ್ವಿಚ್ಚೇ ಮೊದಲ ಅನುಮಾನ. ಎರಡನೇದು ಬ್ಯಾಟರಿ. ನಿಂತೇ ಇರೋ ಗಾಡಿ, ವೋಲ್ಟೇಜ್ ಕಡಿಮೆ ಇದ್ರೆ ಪಂಪ್ ಏಳಲ್ಲ. ಎಂಜಿನ್ ಆನ್ ಇಟ್ಟು ಮಾಡಿ ನೋಡಿ.

ಸರಿಯಾಗಿದ್ರೆ ರೂಫ್ ಪೂರ್ತಿ ಮಡಚೋಕೆ 22 ಸೆಕೆಂಡ್. ಫೋನಲ್ಲಿ ಟೈಮ್ ಹಿಡೀರಿ, ಮೂವತ್ತು ದಾಟಿದ್ರೆ ಪಂಪ್ ಕಷ್ಟಪಡ್ತಿದೆ ಅಥವಾ ಹೈಡ್ರಾಲಿಕ್ ಆಯಿಲ್ ಇಳಿದಿದೆ. ಆಯಿಲ್ ತಾನಾಗೇ ಇಳಿಯಲ್ಲ, ರೂಫ್ ಎತ್ತೋ ಯಾವುದೋ ಹೈಡ್ರಾಲಿಕ್ ಸಿಲಿಂಡರ್ ಸೀಲ್ ಸೋರ್ತಿರುತ್ತೆ. ಬೂಟಿನ ಪಕ್ಕದ ಕಾರ್ಪೆಟ್ ಎತ್ತಿ, ಸಿಲಿಂಡರ್ ರಾಡ್ ಮೇಲೆ ಬಿಳಿ ಟಿಶ್ಯೂ ಒತ್ತಿ ನೋಡಿ. ಸಿಲಿಂಡರ್ ಪೂರ್ತಿ ಬದಲಾಯಿಸೋ ಅಗತ್ಯ ಇಲ್ಲ, ಸೀಲ್ ಹಾಕಿ ರಿಪೇರಿ ಆಗುತ್ತೆ. ಪಂಪಿಗೆ ಬ್ರೇಕ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಅಂತ ಸಿಕ್ಕಿದ್ದು ಸುರಿದ್ರೆ ಉಳಿದ ಸೀಲೂ ಉಬ್ಬಿ ಹೋಗುತ್ತೆ. ಅರ್ಧಕ್ಕೆ ನಿಂತ್ರೆ ಕೈಯಲ್ಲಿ ಅದುಮಬೇಡಿ, ಕೊಂಡಿಗಳು ಬಾಗಿದ್ರೆ ಮತ್ತೆ ಜೋಡಣೆ ಕೂರಿಸೋದು ಬಹಳ ಕಷ್ಟ.

ಮಳೆಗಾಲಕ್ಕೆ ಮುಂಚೆ ನೀರು ಹೋಗೋ ದಾರಿಗಳನ್ನ ಶುಚಿ ಮಾಡಿಸಿ. ಮರದ ಕೆಳಗೆ ನಿಲ್ಲಿಸೋ ಗಾಡಿಯಲ್ಲಿ ಎಲೆ, ಹೂವು ಕೊಳೆತು ಅಲ್ಲೇ ಕಟ್ಟಿಕೊಳ್ಳುತ್ತೆ, ನೀರು ಒಳಗೆ ಇಳಿಯುತ್ತೆ. ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಹಾಕಿ, ಗ್ರೀಸ್ ಬೇಡ.

ರೂಫ್ ತೆರೆದ್ರೆ ಬೂಟ್ 300 ಲೀಟರಿಂದ 208ಕ್ಕೆ ಇಳಿಯುತ್ತೆ, ಅದೂ ತಿಳಿದಿರಲಿ.

ತೆರೆದಟಾಪು_ಮೈಸೂರು:

ಇಬ್ಬರಿಗೂ ಬಹಳ ಥ್ಯಾಂಕ್ಸ್. ಪೆಟ್ರೋಲ್ ಯಾವುದು ಹಾಕ್ಬೇಕು? ಚಾಮುಂಡಿ ಬೆಟ್ಟ ಹತ್ತಿಸಿದಾಗ ಅಂದುಕೊಂಡಷ್ಟು ಎಳೆತ ಕಾಣಲಿಲ್ಲ, ಅದೂ ಚೈನಿನ ದೋಷವಾ?

ಮೇಟಗಳ್ಳಿ_ಟಾರ್ಕ್:

ಸ್ವಲ್ಪ ಚೈನ್ ಇರಬಹುದು, ಕ್ಯಾಮ್ ಟೈಮಿಂಗ್ ಹಿಂದೆ ಬಿದ್ರೆ ಎಳೆತ ಕಡಿಮೆ ಆಗುತ್ತೆ. ಸ್ವಲ್ಪ ನಮ್ಮ ಊರಿನ ಎತ್ತರವೂ ಹೌದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸುಮಾರು ನೂರಕ್ಕೆ ಒಂಬತ್ತರಷ್ಟು ಕಡಿಮೆ, ಬೆಟ್ಟದ ಮೇಲೆ ಇನ್ನೂ ಕಡಿಮೆ. ಟರ್ಬೊ ಇದ್ರೆ ಅದು ಇನ್ನಷ್ಟು ಜೋರು ತಿರುಗಿ ಕೊರತೆ ತುಂಬುತ್ತೆ. ಈ ಸೂಪರ್‌ಚಾರ್ಜರ್ ಬೆಲ್ಟಿಗೆ ಕಟ್ಟುಬಿದ್ದದ್ದು. ಎಂಜಿನ್ ಒಂದು ಸುತ್ತು ಹಾಕಿದ್ರೆ ಇದಕ್ಕೂ ಲೆಕ್ಕದಷ್ಟೇ ಸುತ್ತು, ಲೆಕ್ಕದಷ್ಟೇ ಗಾಳಿ. ಗಾಳಿ ತೆಳುವಾದ್ರೆ ಪವರೂ ಇಳಿಯುತ್ತೆ. ಅದರ ಬದಲಿಗೆ ಕೆಳಗಿನ ಆರ್‌ಪಿಎಂನಲ್ಲೇ ತಡವಿಲ್ಲದೆ ಎಳೆಯುತ್ತೆ, ಬೆಟ್ಟದ ತಿರುವಲ್ಲಿ ಆ ಸುಖ ಟರ್ಬೊದಲ್ಲಿಲ್ಲ.

ಪೆಟ್ರೋಲ್ 95 ಆಕ್ಟೇನ್ ಕೆಳಗೆ ಬೇಡ, ಇ20 (ನೂರಕ್ಕೆ 20 ಎಥೆನಾಲ್ ಬೆರೆಸಿದ್ದು) ಬರೋಕೆ ಮುಂಚೆ ಮಾಮೂಲಿ ಪೆಟ್ರೋಲ್ 91 ಇತ್ತು. ಕಡಿಮೆ ಆಕ್ಟೇನಿಂದು ಹಾಕಿದ್ರೆ ನಾಕ್ ಸೆನ್ಸರ್ ಇಗ್ನಿಷನ್ ಹಿಂದಕ್ಕೆ ಎಳೆದು ಎಂಜಿನ್ ಉಳಿಸುತ್ತೆ, ಆದ್ರೆ ಎಳೆತ ಅಲ್ಲೂ ಹೋಗುತ್ತೆ. ಮಾರೋರು ಏನು ಹಾಕಿದ್ದಾರೆ ಕೇಳಿ, ನಿಮ್ಮ ಬೆಟ್ಟದ ಪ್ರಶ್ನೆಗೆ ಅಲ್ಲೇ ಉತ್ತರ ಇರಬಹುದು. ಇದು ಇ20 ಬರೋಕೆ ಮುಂಚಿನ ಗಾಡಿ, ಹಾಗಾಗಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥೆನಾಲ್ ನೀರು ಹೀರುತ್ತೆ.

ಗೇರ್‌ಬಾಕ್ಸ್ ಹೇಳೋದು ಬಿಟ್ಟಿದ್ದೆ. ಐದು ಗೇರಿನ 722.6 ಮಾದರಿ, ಗಟ್ಟಿಮುಟ್ಟು. 13 ಪಿನ್ನಿನ ಪ್ಲಗ್ ಸೀಲಲ್ಲಿ ಆಯಿಲ್ ಸೋರುತ್ತೆ, ಸಣ್ಣ ಖರ್ಚು. ಅರವತ್ತು ಸಾವಿರಕ್ಕೆ ಆಯಿಲ್ ಬದಲಾಯಿಸಿ. ಮಟ್ಟ ನೋಡೋದು ಆಯಿಲ್ 80 ಡಿಗ್ರಿ ಬಿಸಿಯಾದ್ಮೇಲೆ, ತಣ್ಣಗಿರುವಾಗ ಅಂದಾಜಲ್ಲಿ ತುಂಬಬಾರದು.

ಆರ್‌ಸಿ_ಪುಸ್ತಕ:

ಎಂಜಿನ್ ಮಾತಾಡೋರು ಮರೆಯೋ ವಿಷಯ: 2009ರ ಗಾಡಿಗೆ 15 ವರ್ಷ ಮುಗಿದಿದೆ. ಆರ್‌ಸಿ ನವೀಕರಣ ಆಗಿದೆಯಾ, ಎಲ್ಲಿವರೆಗೆ ಅಂತ ಮೊದಲು ನೋಡಿ. ಇದು ವಿದೇಶದಲ್ಲೇ ಪೂರ್ತಿ ಕಟ್ಟಿ ತಂದ ಗಾಡಿ. ಆರ್‌ಸಿಯಲ್ಲಿ ಇಂಪೋರ್ಟೆಡ್ ಅಂತ ಇದ್ರೆ 2022ರ ಏಪ್ರಿಲ್‌ನಿಂದ ಜಾರಿಯಾದ ದರದಲ್ಲಿ ನವೀಕರಣ ಶುಲ್ಕವೇ 40,000 ರೂಪಾಯಿ, ಜೊತೆಗೆ ಗ್ರೀನ್ ಟ್ಯಾಕ್ಸ್, ಫಿಟ್‌ನೆಸ್. ಕೆಎ-09, ಕೆಎ-55 ಯಾವುದೇ ಇರಲಿ, ಮಾರೋರೇ ಮಾಡಿಸಿಕೊಡಲಿ ಅಂತ ಮಾತಾಡಿ, ಇಲ್ಲಾ ಅಷ್ಟು ಬೆಲೆ ಇಳಿಸಿ.

ಟೈರ್ ಮುಂದೆ ಹಿಂದೆ ಬೇರೆ ಅಳತೆ. 17 ಇಂಚಿನದಾದ್ರೆ ಮುಂದೆ 225/45, ಹಿಂದೆ 245/40. ಹಿಂದುಮುಂದು ಅದಲುಬದಲು ಮಾಡೋಕಾಗಲ್ಲ. ಟೈರ್ ಪಕ್ಕದ ನಾಲ್ಕಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರ್ ಮೇಲಿನ ಗೀರು ಎಷ್ಟೇ ಆಳ ಉಳಿದಿರಲಿ, ಆರು ವರ್ಷ ದಾಟಿದ ಟೈರಲ್ಲಿ ಬೆಂಗಳೂರು ಹೈವೇಗೆ ಇಳಿಸಬೇಡಿ.