ಹಂದಿ, ಹುಳಿ ಕೋಸು ಮತ್ತು ಹಾಸ್ಟೆಲ್ ಗುಂಪಿನ ಜಗಳ

(ಹಳೆಯ ಹಾಸ್ಟೆಲ್ ಗೆಳೆಯರ ಚಾಟ್ ಗುಂಪು. ಡಾಕ್ಟರ್ ಒಬ್ಬರನ್ನು ಬಿಟ್ಟು ಉಳಿದವರಿಗೆ ಊರಿನ ಹೆಸರೇ ಹೆಸರು; ಲ್ಯಾಂಕಾಸ್ಟರ್ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ.)

ಲ್ಯಾಂಕಾಸ್ಟರ್: (ಫೋಟೋ) ಪಕ್ಕದ ಮನೆಯ ಅಜ್ಜಿ ಬರೆದುಕೊಟ್ಟ ಚೀಟಿ. ಪೋರ್ಕ್ ಮತ್ತು ಸೌರ್‌ಕ್ರೌಟ್ (ಹುಳಿ ಬರಿಸಿದ ಎಲೆಕೋಸು), ಸ್ಲೋ ಕುಕರ್‌ನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ನಿಧಾನಕ್ಕೆ ಬೇಯಿಸುವ ಕರೆಂಟ್ ಪಾತ್ರೆಯಲ್ಲಿ, ಎಂಟು ಗಂಟೆ. ಇಲ್ಲಿ ಪೆನ್ಸಿಲ್ವೇನಿಯಾ ಡಚ್ ಜನ (ಹಿಂದೆ ಜರ್ಮನ್ ಮಾತಾಡುವ ನಾಡುಗಳಿಂದ ಬಂದು ನೆಲೆಸಿದವರ ವಂಶದವರು) ಜನವರಿ 1ಕ್ಕೆ ಇದನ್ನೇ ತಿನ್ನುತ್ತಾರೆ. ಹಂದಿ ಮೂತಿಯಿಂದ ಮುಂದಕ್ಕೆ ಕೆದಕುತ್ತದೆ, ಕೋಳಿ ಹಿಂದಕ್ಕೆ ಕೆರೆಯುತ್ತದೆ, ಹಾಗಾಗಿ ಹೊಸ ವರ್ಷಕ್ಕೆ ಕೋಳಿ ತಿಂದರೆ ಅದೃಷ್ಟ ಇಲ್ಲವಂತೆ.

ಹಾಸನ: ಎಂಟು ಗಂಟೆ ಬೇಯಿಸೋದಾ!! ಪ್ರೆಶರ್ ಕುಕರ್ ಇಲ್ವೇನೇ ನಿನ್ನ ಹತ್ರ? ಐದಾರು ವಿಸಿಲ್, ಕೆಲಸ ಮುಗೀತು.

ವಿರಾಜಪೇಟೆ: ನೀನು ಸುಮ್ನಿರಪ್ಪ. ಚೀಟಿಯಲ್ಲಿ ತಪ್ಪಿರುವುದು ಗಂಟೆ ಅಲ್ಲ, ಮಾಂಸ. ಲಾಯಿನ್ ಅಂತ ಬರೆದಿದ್ದಾರೆ. ಬೆನ್ನಿನ ಮಾಂಸದಲ್ಲಿ ಕೊಬ್ಬು ಕಡಿಮೆ, ಎಂಟು ಗಂಟೆಗೆ ಒಣಗಿದ ನಾರಾಗುತ್ತದೆ. ಭುಜದ ಮಾಂಸ ತಗೋ, ಅಲ್ಲಿ ಬಾಸ್ಟನ್ ಬಟ್ ಅಂತ ಮಾರುತ್ತಾರಲ್ಲ, ಅದು. ಅದರೊಳಗಿನ ಕೊಲಾಜನ್ (ಮಾಂಸವನ್ನು ಗಟ್ಟಿ ಮಾಡುವ ನಾರು) ಕರಗಿ ಮೆತ್ತನೆಯ ಜೆಲಾಟಿನ್ ಆಗುವುದಕ್ಕೆ ಗಂಟೆಗಟ್ಟಲೆ ಸಣ್ಣ ಬಿಸಿ ಬೇಕು, ಸ್ಲೋ ಕುಕರ್ ಇರುವುದೇ ಅದಕ್ಕೆ.

ಲ್ಯಾಂಕಾಸ್ಟರ್: ಅಜ್ಜಿ ಲಾಯಿನ್ನೇ ಹಾಕುತ್ತಾರೆ ಕಣೋ. ಚೆನ್ನಾಗೇ ಇರುತ್ತದೆ.

ವಿರಾಜಪೇಟೆ: ಕೋಸಿನ ನೀರಲ್ಲಿ ಅದ್ದಿ ತಿಂದರೆ ಎಲ್ಲಾ ಚೆನ್ನಾಗೇ ಇರುತ್ತದೆ.

ಹಾಸನ: ವಿನೆಗರ್ ಹಾಕಿದ ಎಲೆಕೋಸಿಗೆ ಇಷ್ಟೊಂದು ಗಲಾಟೆನಾ?

ಮಂಗಳೂರು: ವಿನೆಗರ್ ಎಲ್ಲಿಂದ ಬಂತು ಮಾರಾಯ? ಸಣ್ಣಗೆ ಹೆಚ್ಚಿದ ಕೋಸು, ಉಪ್ಪು, ಅಷ್ಟೇ. ಕೆಜಿಗೆ 20-25 ಗ್ರಾಂ ಉಪ್ಪು ಹಾಕಿ ತಿಕ್ಕಿದರೆ ಅದೇ ನೀರು ಬಿಡುತ್ತದೆ, ಆ ನೀರಲ್ಲಿ ಕೋಸು ಮುಳುಗಿರಬೇಕು. ಎಲೆ ಮೇಲಿರುವ ಬ್ಯಾಕ್ಟೀರಿಯಾವೇ ಕೆಲವು ವಾರದಲ್ಲಿ ಹುಳಿ ಮಾಡುತ್ತವೆ, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೇ ಇದರಲ್ಲೂ ಇರುವುದು. ವಿನೆಗರ್ ಹಾಕುವುದು ನಮ್ಮ ಮಂಗಳೂರು ಹಂದಿ ಸಾರು ಬಫಾತ್‌ಗೆ.

ಹಾಸನ: (ಫಾರ್ವರ್ಡ್) "ಸೌರ್‌ಕ್ರೌಟ್ ಬೇಯಿಸಿ ತಿನ್ನಿ, ಕೋಟಿ ಕೋಟಿ ಒಳ್ಳೆಯ ಬ್ಯಾಕ್ಟೀರಿಯಾ ಹೊಟ್ಟೆಗೆ"

ಡಾಕ್ಟರ್: ಲೋ, ಎಂಟು ಗಂಟೆ ಬೇಯಿಸಿದ ಮೇಲೆ ಯಾವ ಬ್ಯಾಕ್ಟೀರಿಯಾ ಉಳಿದಿರುತ್ತದೆ? ಅದು ಬೇಕಿದ್ದರೆ ಫ್ರಿಜ್‌ನಲ್ಲಿಟ್ಟು ಮಾರುವ, ಬಿಸಿ ಮಾಡದ ಕೋಸನ್ನು ತಂದು ಹಸಿಯಾಗಿ ಪಕ್ಕಕ್ಕೆ ಬಡಿಸಿಕೊಳ್ಳಬೇಕು. ಡಬ್ಬಿಯದ್ದನ್ನು ಮೊದಲೇ ಬಿಸಿ ಮಾಡಿರುತ್ತಾರೆ. ಇನ್ನೊಂದು, ಉಪ್ಪು ಅದರಲ್ಲೇ ಜಾಸ್ತಿ ಇದೆ. ಬಿಪಿ ಇರುವವರು ತೊಳೆದು ಹಿಂಡಿ ಹಾಕಿ, ಬೇರೆ ಉಪ್ಪು ಬೇಡ. ಗುಂಪಲ್ಲಿ ಈಗ ಅರ್ಧಕ್ಕರ್ಧ ಜನ ಬಿಪಿ ಮಾತ್ರೆಯವರೇ ಅಲ್ವಾ.

ಲ್ಯಾಂಕಾಸ್ಟರ್: ತೊಳೆದರೆ ರುಚಿಯೇ ಹೋಗುತ್ತದೆ. ನಾನು ನೀರು ಸ್ವಲ್ಪ ಬಸಿಯುತ್ತೇನೆ, ಅಷ್ಟೇ. ಹುಳಿ ಜಾಸ್ತಿ ಅನಿಸಿದರೆ ಒಂದು ಸೇಬು, ಒಂದು ಚಮಚ ಬ್ರೌನ್ ಶುಗರ್.

ವಿರಾಜಪೇಟೆ: ಹುಳಿಯನ್ನು ಮೊದಲೇ ಯಾಕೆ ಹಾಕಬೇಕು ಅನ್ನುವುದೇ ನನ್ನ ಪ್ರಶ್ನೆ. ನಮ್ಮ ಕೊಡಗಿನ ಪಂದಿ ಕರಿಗೆ (ಹಂದಿ ಸಾರಿಗೆ) ಮಾಂಸ ಬೆಂದ ಮೇಲೆ ಕೊನೆಗೆ ಕಾಚಂಪುಳಿ, ಅದೇ ಕಪ್ಪು ಹುಳಿ. ನೀನೂ ಅರ್ಧ ಕೋಸು ಮೊದಲು ಹಾಕು, ಉಳಿದರ್ಧ ಕೊನೇ ಅರ್ಧ ಗಂಟೆಗೆ. ಕಾಳುಮೆಣಸು ಹುರಿದು ಪುಡಿ ಮಾಡಿ, ಜೀರಿಗೆ, ಸಾಸಿವೆ...

ಲ್ಯಾಂಕಾಸ್ಟರ್: ನಿಲ್ಲಿಸು. ಇದು ಪಂದಿ ಕರಿ ಅಲ್ಲ! ಪ್ರತಿ ಸಲ ನಾನು ಇಲ್ಲಿಯ ಅಡುಗೆ ಹಾಕಿದಾಗಲೂ ನೀವು ಮಸಾಲೆ ಡಬ್ಬ ತೆಗೆದುಕೊಂಡು ಬರುತ್ತೀರಿ. ಕೋಸು ಮಾಂಸದ ಕೊಬ್ಬು ಕುಡಿದು ಮೆತ್ತಗಾಗಬೇಕು, ಮಾಂಸಕ್ಕೆ ಹುಳಿ ಹತ್ತಬೇಕು, ಅದಕ್ಕೇ ಎರಡನ್ನೂ ಒಟ್ಟಿಗೆ ಇಡುವುದು. ಖಾರ ಇಲ್ಲ ಅಂದ ಮಾತ್ರಕ್ಕೆ ಸಪ್ಪೆ ಅಲ್ಲ.

ಮಂಗಳೂರು: ಇದು ಸರಿ. ಭುಜದ ವಿಷಯ ಅವನು ಹೇಳಿದ್ದು ಸರಿ, ಮೆಣಸಿನ ವಿಷಯ ಇವಳು ಹೇಳಿದ್ದು ಸರಿ.

ಹಾಸನ: ಫ್ರೀಜರ್‌ನಿಂದ ತೆಗೆದು ಹಾಗೇ ಹಾಕಿ ಆಫೀಸಿಗೆ ಹೋಗಬಹುದಲ್ವಾ? ಅದಾದರೂ ಲಾಭ.

ಡಾಕ್ಟರ್: ಬೇಡ. ಹಿಂದಿನ ದಿನವೇ ಫ್ರಿಜ್‌ನಲ್ಲಿಟ್ಟು ಪೂರ್ತಿ ಕರಗಿಸಬೇಕು. ಗಟ್ಟಿ ಹೆಪ್ಪುಗಟ್ಟಿದ ಮಾಂಸ ಈ ಸಣ್ಣ ಬಿಸಿಯಲ್ಲಿ 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ತುಂಬಾ ಹೊತ್ತು ಕೂತಿರುತ್ತದೆ, ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದೇ ಆಗ.

ಲ್ಯಾಂಕಾಸ್ಟರ್: ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಲೂ ಬಾರದು. ಬಿಸಿ ಹೋದರೆ ಮತ್ತೆ ಏರಲು ಹೊತ್ತು ಹಿಡಿಯುತ್ತದೆ.

ಹಾಸನ: ನಮ್ಮ ಮನೆಯಲ್ಲಿ ಆಗದ ಮಾತು.

ಲ್ಯಾಂಕಾಸ್ಟರ್: ಸರಿ, ಈ ಸಲ ಭುಜದ ಮಾಂಸವೇ ತರುತ್ತೇನೆ, ಮೂರು ಪೌಂಡ್. ಜೊತೆಗೆ ಹಿಸುಕಿದ ಆಲೂಗಡ್ಡೆ.

ವಿರಾಜಪೇಟೆ: ಆಲೂಗಡ್ಡೆ ಬದಲು ನಮ್ಮ ಅಕ್ಕಿ ಉಂಡೆ ಕಡಂಬುಟ್ಟು ಮಾಡು.

ಲ್ಯಾಂಕಾಸ್ಟರ್: ನಿನ್ನನ್ನು ಮ್ಯೂಟ್ ಮಾಡುತ್ತಿದ್ದೇನೆ.