ಬೈಯುವವರು, ಅಳುವವರು: ಆಂಬುಲೆನ್ಸ್ ಡೆಸ್ಕಿನಲ್ಲಿ ಫೋನ್ ಎತ್ತುವವರು ಏನು ಹೇಳಬೇಕು?

ನವನಗರ_ಡೆಸ್ಕ್:
ಹುಬ್ಬಳ್ಳಿಯ ಆಂಬುಲೆನ್ಸ್ ಡೆಸ್ಕಿಗೆ ಹೊಸದಾಗಿ ಸೇರುವವರಿಗೆ ಎರಡು ಪುಟದ ಸೂಚನೆ ಬರೆಯಬೇಕಿದೆ. ವಿಳಾಸ ಕೇಳಿದ ಕೂಡಲೇ "ಮೊದ್ಲ ಗಾಡಿ ಕಳಸ್ರಿ, ಆಮ್ಯಾಲ ಕೇಳೀರಂತ" ಎಂದು ಬೈಗುಳ ಶುರುವಾಗುತ್ತದೆ. ಕೆಲವರ ಅಳುವಿನಲ್ಲಿ ಒಂದು ಮಾತೂ ತಿಳಿಯುವುದಿಲ್ಲ. ಇನ್ನು ಕೆಲವರು ಹೊಲಸು ಮಾತಾಡಲೆಂದೇ ಫೋನ್ ಮಾಡುತ್ತಾರೆ. ಯಾರ ಜೊತೆ ಎಷ್ಟು ಹೊತ್ತು ಲೈನಿನಲ್ಲಿರಬೇಕು? ಬಾಯಲ್ಲಿ ಆಡುವ ವಾಕ್ಯಗಳನ್ನೇ ಹೇಳಿದರೆ ಉಪಕಾರ.

ಉಣಕಲ್_ಹೆಡ್‌ಸೆಟ್:
ಅವರು ಯಾಕೆ ಬೈಯುತ್ತಾರೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನೀವು ಪ್ರಶ್ನೆ ಕೇಳುವಷ್ಟು ಹೊತ್ತೂ ಗಾಡಿ ನಿಂತೇ ಇರುತ್ತದೆ ಎಂದು ಅವರು ಅಂದುಕೊಂಡಿರುತ್ತಾರೆ. ಜಾಗ, ಫೋನ್ ನಂಬರು, ಏನಾಗಿದೆ, ಈ ಮೂರು ಸಿಕ್ಕ ಕೂಡಲೇ ಪಕ್ಕದವರು ಡ್ರೈವರನನ್ನು ಎಬ್ಬಿಸಲಿ. ನೀವು ಹೇಳಬೇಕಾದದ್ದು ಇಷ್ಟು: "ಗಾಡಿ ಹೊಂಟೈತ್ರಿ. ನಾ ಕೇಳಿದ್ರ ಅದು ತಡ ಆಗೂದಿಲ್ಲ." ಗಾಡಿ ನಿಜವಾಗಿ ಹೊರಟಿದ್ದರೆ ಮಾತ್ರ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದಿನ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಕಿರುಚಾಡುವವರಿಗೆ "ಸಮಾಧಾನ ಮಾಡ್ಕೊಳ್ರಿ" ಅನ್ನಲೇಬೇಡಿ, ಸಿಟ್ಟು ಇನ್ನೂ ಏರುತ್ತದೆ. ದನಿ ತಗ್ಗಿಸಿ, ಒಂದೇ ವಾಕ್ಯವನ್ನು ಒಂದೇ ದನಿಯಲ್ಲಿ, ಕಾರಣ ಸೇರಿಸಿ, ಮತ್ತೆ ಮತ್ತೆ ಹೇಳಿ: "ಅಕ್ಕಾರ, ನಿಮ್ಮ ಮಗೂಗ ಸಹಾಯ ಮಾಡಾಕ ಯಾವ ಊರು ಹೇಳ್ರಿ." ಮೂರು ಸಲ, ನಾಲ್ಕು ಸಲ, ಪದ ಬದಲಿಸದೆ. ಪ್ರತಿ ಸಲ ಬೇರೆ ಮಾತು ಹೇಳಿದರೆ ಅವರಿಗೆ ಅದು ಹೊಸ ಪ್ರಶ್ನೆಯಂತೆ ಕೇಳಿಸಿ ಜಗಳ ಬೆಳೆಯುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಡಾ. ಜೆಫ್ ಕ್ಲಾಸನ್ ಶುರು ಮಾಡಿದ ಡಿಸ್ಪ್ಯಾಚ್ ಪದ್ಧತಿ, ಅಂದರೆ ತುರ್ತು ಕರೆ ತೆಗೆದುಕೊಂಡು ಗಾಡಿ ಕಳಿಸುವ ಪದ್ಧತಿ, ಈ ಉಪಾಯವನ್ನೇ ಕಲಿಸುತ್ತದೆ. ಅಲ್ಲಿ ಕರೆ ಮಾಡಿದವರ ಮನಸ್ಥಿತಿಗೆ 1ರಿಂದ 5ರ ಅಂಕವೂ ಉಂಟು. ಸಹಜವಾಗಿ ಮಾತಾಡಿದರೆ 1, ಪೂರ್ತಿ ಹತೋಟಿ ತಪ್ಪಿದ ಸ್ಥಿತಿಗೆ 5. ನಿಮ್ಮ ರಿಜಿಸ್ಟರಿನಲ್ಲೂ ಅದಕ್ಕೊಂದು ಕಾಲಂ ಇಡಿ.

ಬ್ಯಾಡಗಿ_ಕಡೆಯವ:
ಭಾಷಾದ ಮಾತು ಬಿಟ್ಟೀರಿ, ಅದನ್ನೂ ಸೇರಸ್ರಿ. ಹಾವೇರಿ, ಗದಗ ಹಳ್ಳಿಯಿಂದ "ಎಣ್ಣಿ ಕುಡದಾನ್ರೀ" ಅಂತ ಫೋನ್ ಬಂದ್ರ ಅದು ದಾರೂ ಅಂತ ತಿಳಿಬ್ಯಾಡ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಅದು, ಅಂದ್ರ ಕೀಟನಾಶಕ. ಬ್ಯಾರೆ ಕಡೆಯಿಂದ ಬಂದು ಕುಂತವ್ರು "ಕುಡುಕನ ಕೇಸ್" ಅಂತ ಬರಕೊಂಡ್ರ ಜೀವ ಹೋಗ್ತದ. ಕೇಳೋ ಪ್ರಶ್ನಿ ಒಂದ: "ಹೊಲದ ಎಣ್ಣಿಯೋ, ದಾರೂನೋ?" ಹೊಲದ್ದಂದ್ರ, ವಾಂತಿ ಮಾಡಿಸಬ್ಯಾಡ್ರಿ, ಉಪ್ಪುನೀರು ಕುಡಿಸಬ್ಯಾಡ್ರಿ, ಡಬ್ಬಿ ಚೀಟಿ ಸಮೇತ ದವಾಖಾನಿಗೆ ತರ್ರಿ ಅಂತ ಹೇಳ್ರಿ.

ಜಾಗದ್ದೂ ಹಂಗ. ನವನಗರ ಹುಬ್ಬಳ್ಳಿ-ಧಾರವಾಡದ ನಡುವೂ ಐತಿ, ಬಾಗಲಕೋಟ್ಯಾಗೂ ಐತಿ. ಧಾರವಾಡದ ಟೋಲ್ ನಾಕಾ ಊರೊಳಗಿನ ಜಾಗಾ. ಹೈವೇ ಮ್ಯಾಲ ನಿಂತವ "ಟೋಲ್ ಹತ್ರ" ಅಂದ್ರ ರೊಕ್ಕ ಕಟ್ಟೋ ಗೇಟು. ತಾಲೂಕಾ ಕೇಳದ ಗಾಡಿ ಬಿಡಬ್ಯಾಡ್ರಿ.

ರಾತ್ರಿಪಾಳಿ_ಗದಗ:
ಹೊಲಸು ಮಾತಿನ ಕರೆಗಳ ಬಗ್ಗೆ. ಹೆದರಿಕೆಯ ಬೈಗುಳವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬೈಯುತ್ತಲೇ ಊರು ಹೇಳಿದರೆ, ಹಿಂದೆ ಯಾರೋ ನರಳುವುದು ಕೇಳಿಸಿದರೆ, ಅದು ನಿಜವಾದ ಕರೆ, ಲೈನ್ ಇಡಬೇಡಿ. ಬರೀ ಲೈಂಗಿಕ ಮಾತಾದರೆ ಒಂದೇ ಎಚ್ಚರಿಕೆ: "ಈ ಕರೆ ರೆಕಾರ್ಡ್ ಆಗ್ತಿದೆ. ತುರ್ತು ಇದ್ದರೆ ಜಾಗ ಹೇಳಿ, ಇಲ್ಲದಿದ್ದರೆ ಇಡುತ್ತೇನೆ." ಇದನ್ನು ಹೇಳುವ ಮೊದಲು ನಿಮ್ಮಲ್ಲಿ ರೆಕಾರ್ಡಿಂಗ್ ಇರಲೇಬೇಕು. ಮುಂದುವರಿದರೆ ಸಮಯ, ನಂಬರು, ಆಡಿದ ಮಾತು ಬರೆದಿಟ್ಟು ಕರೆ ಮುಗಿಸಿ. ಹೆಣ್ಣುಮಕ್ಕಳ ಮರ್ಯಾದೆಗೆ ಧಕ್ಕೆ ತರುವ ಮಾತು ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂನಡಿ ಅಪರಾಧ. ಮೂರು ವರ್ಷದವರೆಗೆ ಸಜೆ, ದಂಡ ಎರಡೂ ಇದೆ. ದೂರು ಡೆಸ್ಕಿನ ಹುಡುಗಿ ಒಬ್ಬಳೇ ಹೊತ್ತು ತಿರುಗುವಂತಾಗಬಾರದು, ಸಂಸ್ಥೆಯವರು ಜೊತೆಗೆ ಹೋಗಬೇಕು.

ಆ ನಂಬರನ್ನು ಬ್ಲಾಕ್ ಮಾತ್ರ ಮಾಡಬೇಡಿ. ನಾಳೆ ಅದೇ ಫೋನಿನಿಂದ ಅವನ ತಾಯಿ ಕರೆ ಮಾಡಬಹುದು. ಸ್ಕ್ರೀನ್ ಮೇಲೆ ಗುರುತು ಹಾಕಿದರೆ ಸಾಕು.

ಮಾತೇ ಬಾರದ ಕರೆ ಬಂದರೆ, "ಮಾತಾಡಾಕ ಆಗದಿದ್ರ ಫೋನ್ ಮ್ಯಾಲ ಒಮ್ಮೆ ತಟ್ರಿ" ಅನ್ನಿ. ತಟ್ಟಿದರೆ ಹೌದು-ಅಲ್ಲ ಎನ್ನುವಂಥ ಪ್ರಶ್ನೆ ಕೇಳಿ, ತುರ್ತು ಸಹಾಯದ ನಂಬರು 112ಕ್ಕೆ ತಿಳಿಸಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವಳ ಫೋನು ತಿರುಗಿ ರಿಂಗಾದರೆ ಅಪಾಯ, ಆದ್ದರಿಂದ ವಾಪಸ್ ಕರೆ ಮಾಡುವ ಮುನ್ನ ಮೇಲಿನವರನ್ನು ಕೇಳಿ.

ನವನಗರ_ಡೆಸ್ಕ್:
ಎಲ್ಲರಿಗೂ ಧನ್ಯವಾದ. ಹೃದಯ ನಿಂತವರಿಗೆ ನಾವು ಫೋನಿನಲ್ಲಿ ಹೇಳಿದಂತೆ ಎದೆ ಒತ್ತಲು (ಸಿಪಿಆರ್) ಒಪ್ಪಿದವರು ಮಧ್ಯದಲ್ಲೇ ಮತ್ತೆ ಕುಸಿದು ಅಳುತ್ತಾರಲ್ಲ, ಆಗ ಏನು ಮಾಡಬೇಕು?

ಉಣಕಲ್_ಹೆಡ್‌ಸೆಟ್:
ಒತ್ತಿದರೆ ಕಣ್ಣು ಬಿಡುತ್ತಾರೆ ಎಂದು ಅವರು ಕಾಯುತ್ತಿರುತ್ತಾರೆ. ಅದಕ್ಕೇ ಶುರುವಿನಲ್ಲೇ ಹೇಳಿಬಿಡಿ: "ಅಣ್ಣಾರ, ಕಣ್ಣು ತೆರೀಲಿಲ್ಲಂದ್ರೂ ನಿಲ್ಲಿಸಬ್ಯಾಡ್ರಿ, ಗಾಡಿ ಬರೂತನಕ ಒತ್ರಿ." ಎಚ್ಚರ ಇಲ್ಲ, ಉಸಿರು ಸಹಜವಾಗಿಲ್ಲ ಅಂದರೆ ಸಾಕು, ಶುರು ಮಾಡಿಸಿ. ಆಗಾಗ ಬರುವ ಗೊರಕೆಯಂಥ ಸದ್ದನ್ನು ಮನೆಯವರು ಉಸಿರು ಅಂದುಕೊಳ್ಳುತ್ತಾರೆ, ಇಲ್ಲೇ ಹೆಚ್ಚು ಜನ ಎಡವುವುದು. ದೊಡ್ಡವರಾದರೆ ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ನೀವೇ "ಒಂದು, ಎರಡು, ಮೂರು, ನಾಕು" ಎಂದು ಜೋರಾಗಿ ಎಣಿಸುತ್ತಾ ಇರಿ. ಎಣಿಕೆ ನಿಂತರೆ ಅವರ ಕೈಯೂ ನಿಲ್ಲುತ್ತದೆ, ಅಳು ಶುರುವಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ.

ಇಂಥ ಕರೆ ಮುಗಿಸಿದವರ ಕೈಗೆ ಮರುಕ್ಷಣವೇ ಇನ್ನೊಂದು ಫೋನ್ ಕೊಡಬೇಡಿ. ಹೆಡ್‌ಸೆಟ್ ತೆಗೆಸಿ ಹದಿನೈದು ನಿಮಿಷ ಹೊರಗೆ ಕಳಿಸಿ. ರಾತ್ರಿ ನಿದ್ದೆ ಬಾರದಷ್ಟು ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಡೆಸ್ಕಿನವರಿಗೂ ಇದೆ ಎಂದು ನಿಮ್ಮ ಎರಡು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.